ಸರ್ಕಾರದ ರಾಗಿ ಖರೀದಿ: ಬಿತ್ತನೆಯ ಕಾಲದಲ್ಲೇ ಹಾಕಬೇಕಾದ ಲೆಕ್ಕ

(ಹೋಬಳಿ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮುಂಗಾರಿನ ಬಿತ್ತನೆ ಇನ್ನೂ ಮುಗಿದಿಲ್ಲ. ಕೆಲವರ ಹೊಲದಲ್ಲಿ ಕೂರಿಗೆ ಓಡುತ್ತಿದೆ. ಕೆಲವರು ಪೈರು ನಾಟಿ ಮಾಡಲು ಹದಮಳೆಯನ್ನು ಕಾಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಜನವರಿ ತಿಂಗಳಲ್ಲಿ ನಡೆಯುವ ಸರ್ಕಾರಿ ಖರೀದಿಯ ಮಾತೇಕೆ ಎಂದು ನೀವು ಕೇಳಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು ಎಂದು ನಗಲೂಬಹುದು. ಆದರೆ ಈ ಒಂದು ವಿಷಯದಲ್ಲಿ ಕುಲಾವಿಯನ್ನು ಮೊದಲೇ ಹೊಲಿಸಿಡಬೇಕು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ಖರೀದಿ ಕೇಂದ್ರದ ಮುಂದೆ ಗಾಡಿ, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತ ಮೇಲೆ ನ್ಯಾಯ ಅನ್ಯಾಯದ ಜಗಳವಾಡಿದರೆ ಪ್ರಯೋಜನ ಕಡಿಮೆ. ಯಾರ ರಾಗಿ ಒಳಗೆ ಹೋಗುತ್ತದೆ, ಯಾರದು ಮಂಡಿಯ ಪಾಲಾಗುತ್ತದೆ ಎಂಬುದು ಬಹುಮಟ್ಟಿಗೆ ಅದಕ್ಕೆ ನಾಲ್ಕೈದು ತಿಂಗಳು ಮೊದಲೇ, ಕಾಗದದ ಮೇಲೆ, ತೀರ್ಮಾನವಾಗಿಬಿಟ್ಟಿರುತ್ತದೆ.

ಮೊದಲು ಸರ್ಕಾರ ಧಾನ್ಯವನ್ನು ಏಕೆ ಕೊಳ್ಳುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ನೆನೆಯೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯ ಕೊಳ್ಳುವುದೆಂದರೆ ಲೆವಿ. ಅಧಿಕಾರಿಗಳು ಊರಿಗೆ ಬಂದು ಇಷ್ಟು ಪಲ್ಲ ಕೊಡತಕ್ಕದ್ದೆಂದು ಗೊತ್ತು ಮಾಡುತ್ತಿದ್ದರು. ಆಗ ರಾಗಿಯನ್ನು ಹಗೇವಿನಲ್ಲಿ ಬಚ್ಚಿಟ್ಟ ಕತೆಗಳನ್ನು ನಿಮ್ಮ ಮನೆಯ ಹಿರಿಯರಿಂದ ನೀವು ಕೇಳಿರಬಹುದು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಮೇಲೆ, ಧಾನ್ಯವನ್ನು ಬರೀ ವ್ಯಾಪಾರದ ಕೈಗೆ ಬಿಡುವಂತಿಲ್ಲ ಎಂಬ ಎಚ್ಚರ ದೇಶಕ್ಕೆ ಬಂತು. 1965ರಲ್ಲಿ ಭಾರತ ಆಹಾರ ನಿಗಮವೂ, ಬೆಳೆಗಳಿಗೆ ಬೆಲೆ ಸೂಚಿಸುವ ಆಯೋಗವೂ ಹುಟ್ಟಿದವು. ಅಲ್ಲಿಂದ ಮುಂದೆ ರೈತನಿಂದ ಕಸಿದುಕೊಳ್ಳುವ ಮಾತು ಹಿಂದಾಗಿ, ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬೇಡ, ನಾವು ಕೊಳ್ಳುತ್ತೇವೆ ಎಂಬ ಮಾತು ಮುಂದಾಯಿತು. ಅದೇ ಬೆಂಬಲ ಬೆಲೆ.

ಆದರೆ ಬಹುಕಾಲ ಈ ಮಾತು ಗೋಧಿಗೂ ಭತ್ತಕ್ಕೂ ಚೆನ್ನಾಗಿ ಸಂದಿತೇ ಹೊರತು ನಮ್ಮ ರಾಗಿಗೆ ಅಷ್ಟಾಗಿ ಸಲ್ಲಲಿಲ್ಲ. 2017-18ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 1,900 ರೂಪಾಯಿ. ಉತ್ಪಾದನಾ ವೆಚ್ಚದ ಒಂದೂವರೆಪಟ್ಟು ಬೆಲೆ ಕೊಡುವುದಾಗಿ ಕೇಂದ್ರ ಸರ್ಕಾರ 2018ರ ಬಜೆಟ್ಟಿನಲ್ಲಿ ಸಾರಿದ ಮೇಲೆ, 2018-19ರಲ್ಲಿ ಅದು ಒಮ್ಮೆಲೇ 2,897 ರೂಪಾಯಿ ಆಯಿತು. ಒಂದೇ ವರ್ಷದಲ್ಲಿ 997 ರೂಪಾಯಿ ಏರಿಕೆ. 2023-24ರಲ್ಲಿ 3,846, 2024-25ರಲ್ಲಿ 4,290, 2025-26ರಲ್ಲಿ 4,886. ವೆಚ್ಚವನ್ನು ಲೆಕ್ಕ ಹಾಕುವ ಬಗೆಯ ಮೇಲೆ ರೈತ ಸಂಘಗಳಿಗೂ ಸರ್ಕಾರಕ್ಕೂ ವಾದವಿದೆ. ನೆಲದ ಬಾಡಿಗೆಯನ್ನೂ ಹೂಡಿದ ಬಂಡವಾಳದ ಬಡ್ಡಿಯನ್ನೂ ಸೇರಿಸಬೇಕೆಂಬುದು ರೈತರ ವಾದ. ಅದು ನ್ಯಾಯವಾದ ವಾದವೆಂದೇ ನನ್ನ ಅಭಿಪ್ರಾಯ. ಆದರೆ ಇಂದು ಅದನ್ನು ಬಿಡೋಣ. ಬೆಲೆ ಏರಿದೊಡನೆ ಗೋಣಿಚೀಲ, ಕಾಟಾ, ಉಗ್ರಾಣ, ಹಮಾಲರು ತಾವಾಗಿಯೇ ಏರುವುದಿಲ್ಲ. ಬೆಲೆಯನ್ನು ದೆಹಲಿಯಲ್ಲಿ ಒಂದು ದಿನದಲ್ಲಿ ಸಾರಬಹುದು. ಚೀಲವನ್ನು ಹೋಬಳಿಯಲ್ಲಿ ಒಂದೊಂದಾಗಿಯೇ ತೂಗಬೇಕು.

ಈ ಕಷ್ಟವನ್ನು 2021-22ರ ಬೆಳೆಯಲ್ಲಿ ನಮ್ಮ ರಾಜ್ಯ ಚೆನ್ನಾಗಿ ಕಂಡಿತು. ಕೊಳ್ಳುವ ಪ್ರಮಾಣಕ್ಕೆ ಮಿತಿ ಬಂತು. ಸಣ್ಣ ಹಿಡುವಳಿದಾರರಿಗೆ ಮಾತ್ರ ಎಂಬ ಕಟ್ಟು ಬಂತು. ಹಾಸನ, ತುಮಕೂರು ಮೊದಲಾದ ಕಡೆ ರೈತರು ಬೀದಿಗಿಳಿದರು. ಆಮೇಲೆ ಇನ್ನಷ್ಟು ಕೊಳ್ಳಲು ಒಪ್ಪಿಗೆ ದೊರಕಿತು. ಆದರೆ ಒಪ್ಪಿಗೆ ಬರುವಷ್ಟರಲ್ಲಿ ಸಾಲದ ಅವಸರವಿದ್ದವನು ತನ್ನ ರಾಗಿಯನ್ನು ಮಾರಿ ಮುಗಿಸಿರುತ್ತಾನೆ. ಕಾಯುವ ಶಕ್ತಿಯುಳ್ಳವನಿಗೆ ಮಾತ್ರ ಅದರ ಪ್ರಯೋಜನ. ಇದನ್ನು ನೀವು ಮನಸ್ಸಿನಲ್ಲಿಡಬೇಕು. ಖರೀದಿಯಲ್ಲಿ ತಡ ಎಂಬುದು ಎಲ್ಲರಿಗೂ ಒಂದೇ ಸಮನಾದ ತೊಂದರೆಯಲ್ಲ. ಎರಡು ಎಕರೆಯವನ ಮನೆಗೆ ಅದು ಮೊದಲು ಬಡಿಯುತ್ತದೆ. ಮಂಡಿಯವರು ಕ್ವಿಂಟಾಲಿಗೆ 3,800 ಕೊಡುತ್ತಾರೆಂದಿಟ್ಟುಕೊಳ್ಳಿ. 2025-26ರ ಬೆಂಬಲ ಬೆಲೆಗೆ ಹೋಲಿಸಿದರೆ ವ್ಯತ್ಯಾಸ 1,086. ಹದಿನೈದು ಕ್ವಿಂಟಾಲ್ ಮಾರುವವನಿಗೆ 16,290 ರೂಪಾಯಿ ನಷ್ಟ. ಒಂದು ಹಸುವಿನ ಕಾಲುಭಾಗದ ಬೆಲೆಯಾದರೂ ಆಯಿತಲ್ಲ.

ಮಿತಿ ಏಕೆ ಹಾಕುತ್ತಾರೆ ಎಂದು ಕೋಪದಿಂದ ಕೇಳುವವರಿದ್ದಾರೆ. ಕೊಂಡ ರಾಗಿಯನ್ನು ಯಾರಾದರೂ ತಿನ್ನಬೇಕಷ್ಟೆ. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಅಕ್ಕಿ, ಗೋಧಿಗಳ ಜೊತೆ ಒರಟು ಧಾನ್ಯಕ್ಕೂ ಸ್ಥಾನ ಸಿಕ್ಕಿತು. ನಮ್ಮ ಕಡೆಯ ಪಡಿತರ ಅಂಗಡಿಗೆ ರಾಗಿ ಬರುವುದು ಈ ದಾರಿಯಿಂದ. ಕೊಂಡದ್ದನ್ನು ಗೊತ್ತಾದ ಅವಧಿಯೊಳಗೆ ಹಂಚಿ ಮುಗಿಸಬೇಕೆಂಬ ನಿಯಮವಿದೆ. ಈ ಅವಧಿ ರಾಗಿಗೆ ಮೊದಲು ಮೂರೇ ತಿಂಗಳಿತ್ತು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುವ ಧಾನ್ಯಕ್ಕೆ ಮೂರು ತಿಂಗಳ ಗಡುವು! ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಬೇರೆ ಹೇಳುತ್ತಿದ್ದಳು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಏಳು ತಿಂಗಳಿಗೆ ವಿಸ್ತರಿಸಿತು. ಹಂಚಲು ಹೆಚ್ಚು ಕಾಲ ಸಿಕ್ಕರೆ ಹೆಚ್ಚು ಕೊಳ್ಳಲು ದಾರಿಯಾಗುತ್ತದೆ. ಆದುದರಿಂದ ನೀವು ಮಾರುವ ರಾಗಿಗೂ ಪಡಿತರ ಚೀಟಿ ಹಿಡಿದು ನಿಲ್ಲುವ ತಾಯಿಗೂ ಇರುವ ನಂಟನ್ನು ಮರೆಯಬೇಡಿ. ಆ ತಾಯಿ ಕಲ್ಲು ಮಣ್ಣಿನ ರಾಗಿ ಬೇಡವೆಂದು ಹಿಂದಕ್ಕೆ ತಳ್ಳಿದರೆ, ಮರುವರ್ಷ ನಿಮ್ಮ ರಾಗಿಯನ್ನು ಕೊಳ್ಳುವ ಮಾತೂ ಹಿಂದಕ್ಕೆ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿ 120 ರಾಗಿ ಬೆಳೆಯುವ ಮನೆಗಳು, 300 ಎಕರೆ ರಾಗಿ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಎಂದು ಹಿಡಿದರೆ ಹುಟ್ಟುವಳಿ 2,400 ಕ್ವಿಂಟಾಲ್. ಮನೆಗೆ ಆರು ಕ್ವಿಂಟಾಲಿನಂತೆ ಊಟಕ್ಕೆ ಇಟ್ಟುಕೊಂಡರೆ 720 ಹೋಯಿತು. ಎಕರೆಗೆ ಐದು ಕಿಲೋ ಬಿತ್ತನೆ ಬೀಜವೆಂದರೆ 15 ಕ್ವಿಂಟಾಲ್. ಉಳಿದದ್ದು 1,665 ಕ್ವಿಂಟಾಲ್. ಐವತ್ತು ಕಿಲೋ ಚೀಲದಲ್ಲಿ 3,330 ಚೀಲ. ಇಂಥ ಹತ್ತು ಊರು ಒಂದು ಕೇಂದ್ರಕ್ಕೆ ಸೇರಿದರೆ 33,300 ಚೀಲ. ತೇವ ನೋಡಿ, ತೂಗಿ, ಹೊಲಿದು, ರಸೀತಿ ಬರೆದು ಒಂದು ಕಾಟಾದಲ್ಲಿ ದಿನಕ್ಕೆ 300 ಚೀಲ ಮುಗಿಸಬಹುದೆಂದು ಭಾವಿಸೋಣ. ಬೇಕಾದ ದಿನಗಳು 111. ಜನವರಿ ಒಂದರಿಂದ ಮಾರ್ಚಿ ಕೊನೆಯವರೆಗೆ ಖರೀದಿ ಎಂದರೆ ಇರುವುದು ತೊಂಬತ್ತು ದಿನ. ಭಾನುವಾರ, ಹಬ್ಬ ಕಳೆದರೆ ಎಪ್ಪತ್ತು ಎಪ್ಪತ್ತೈದು. ಹಾಗಾದರೆ ಒಂದೇ ಕಾಟಾ ಇಟ್ಟ ದಿನವೇ, ಸುಮಾರು ಮೂರನೆಯ ಒಂದು ಭಾಗದ ರಾಗಿ ಹೊರಗುಳಿಯುವುದು ಗೊತ್ತಾಗಿಹೋಯಿತು! ಎರಡು ಕಾಟಾ ಇದ್ದರೆ 56 ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಈ ಲೆಕ್ಕಕ್ಕೆ ದೊಡ್ಡ ಪಾಂಡಿತ್ಯ ಬೇಡ. ಆದರೆ ಇದನ್ನು ಜನವರಿಯಲ್ಲಿ ಹಾಕಿದರೆ ಕಾಟಾ ಎಲ್ಲಿಂದ ಬರಬೇಕು? ಅಕ್ಟೋಬರಿನಲ್ಲಿ ಹಾಕಿ, ಊರವಾರು ಪಟ್ಟಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಖರೀದಿ ಸಮಿತಿಗೆ ಕಳುಹಿಸಿದರೆ, ಇಲ್ಲವೆಂದು ಹೇಳಲು ಅವರಿಗೂ ಕಷ್ಟ. ಸರ್ಕಾರದವರು ತಾವೇ ಲೆಕ್ಕ ಹಾಕಬೇಕಲ್ಲವೇ ಎಂದರೆ, ನಿಜ, ಹಾಕಬೇಕು, ಹಾಕುತ್ತಲೂ ಇದ್ದಾರೆ. ಆದರೆ ಅವರ ಲೆಕ್ಕದ ತಳಪಾಯ ನಮ್ಮ ಊರಿನ ಬೆಳೆ ಸಮೀಕ್ಷೆ. ಅದು ತಪ್ಪಿದರೆ ಮೇಲಿನ ಎಲ್ಲವೂ ತಪ್ಪುತ್ತದೆ.

ಬೆಳೆ ಸಮೀಕ್ಷೆಯ ವಿಷಯದಲ್ಲಿ ನಮ್ಮವರ ಉದಾಸೀನ ನೋಡಿದರೆ ಬೇಸರವಾಗುತ್ತದೆ. ಹೊಲದಲ್ಲಿ ರಾಗಿ ಇದ್ದರೂ ದಾಖಲೆಯಲ್ಲಿ ಬೇರೆ ಬೆಳೆಯೋ ಬೀಳೋ ಬರೆದಿದ್ದರೆ ಖರೀದಿ ಕೇಂದ್ರದ ಯಂತ್ರ ನಿಮ್ಮ ಮುಖ ನೋಡಿ ದಾಕ್ಷಿಣ್ಯ ತೋರಿಸುವುದಿಲ್ಲ. ವಿಶೇಷವಾಗಿ ಅಕ್ಕಡಿ ಸಾಲು ಹಾಕುವವರು ಎಚ್ಚರವಾಗಿರಬೇಕು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಇಡುವುದು ನಮ್ಮ ಹಿರಿಯರು ಕಂಡುಕೊಂಡ ಒಳ್ಳೆಯ ಪದ್ಧತಿ. ಅದನ್ನು ಬಿಡಿ ಎಂದು ನಾನು ಹೇಳುವವನಲ್ಲ. ಆದರೆ ಮಿಶ್ರ ಬೆಳೆಯೆಂದು ಸರಿಯಾಗಿ ಬರೆಸದೆ, ಮೊಬೈಲಿನಲ್ಲಿ ಚಿತ್ರ ತೆಗೆದವನು ಮುಂದಿನ ಸಾಲಿನ ತೊಗರಿಯನ್ನು ಮಾತ್ರ ನಮೂದಿಸಿಬಿಟ್ಟರೆ ನಿಮ್ಮ ರಾಗಿ ಕಾಗದದಲ್ಲಿ ಮಾಯವಾಗುತ್ತದೆ. ಸಮೀಕ್ಷೆ ಮುಗಿದ ಮೇಲೆ ಆಕ್ಷೇಪಣೆಗೆ ಅವಕಾಶವಿದೆ. ಅದಕ್ಕೊಂದು ದಿನ ಗೊತ್ತು ಮಾಡಿ ಗ್ರಾಮಸಭೆಯಲ್ಲಿ ಸರ್ವೆ ನಂಬರು, ಹೆಸರು, ಬೆಳೆ, ಎಕರೆ ಇವನ್ನು ಗಟ್ಟಿಯಾಗಿ ಓದಿಸಿರಿ. ಎಲ್ಲರ ಕಿವಿಗೆ ಬಿದ್ದರೆ ತಪ್ಪೂ ತಿಳಿಯುತ್ತದೆ, ರಾಗಿಯನ್ನೇ ಬಿತ್ತದೆ ರಾಗಿ ಬರೆಸಿಕೊಂಡವರ ಹೆಸರೂ ತಿಳಿಯುತ್ತದೆ.

ಈ ಎರಡನೆಯ ಸಂಗತಿಯನ್ನು ಸ್ವಲ್ಪ ಬಿಚ್ಚಿ ಹೇಳಲೇಬೇಕು. ಕೆಲವು ಕಡೆ ವ್ಯಾಪಾರಿಗಳು ರೈತರ ಪಹಣಿ, ಬ್ಯಾಂಕ್ ಪುಸ್ತಕ, ನೋಂದಣಿ ಸಂಖ್ಯೆಗಳನ್ನು ಎರವಲು ಪಡೆದು, ಕಡಿಮೆ ಬೆಲೆಗೆ ಕೊಂಡ ರಾಗಿಯನ್ನು ರೈತರ ಹೆಸರಿನಲ್ಲಿ ಕೇಂದ್ರಕ್ಕೆ ಸಾಗಿಸುತ್ತಾರೆ. ಹೆಸರು ಕೊಟ್ಟವನಿಗೆ ಸಾವಿರವೋ ಎರಡು ಸಾವಿರವೋ. ಕುಳಿತಲ್ಲಿಗೆ ಹಣ ಬಂತು, ಯಾರ ಗಂಟೇನು ಹೋಯಿತು ಎಂದು ಅವನು ಎಣಿಸುತ್ತಾನೆ. ಗಂಟು ಹೋದದ್ದು ನೆರೆಯವನದು. ಕೇಂದ್ರ ಕೊಳ್ಳುವ ಪ್ರಮಾಣಕ್ಕೆ ಮಿತಿಯಿರುವಾಗ ವ್ಯಾಪಾರಿಯ ಒಂದು ಚೀಲ ಒಳಗೆ ಹೋದರೆ ನಿಜವಾದ ರೈತನ ಒಂದು ಚೀಲ ಹೊರಗುಳಿಯುತ್ತದೆ. ಸರ್ಕಾರ ನ್ಯಾಯವಾಗಿ ಕೊಳ್ಳಬೇಕೆಂದು ಕೇಳುವ ನಾವು ಪಹಣಿಯನ್ನು ಬಾಡಿಗೆಗೆ ಕೊಡಕೂಡದು.

ಇನ್ನು ಕಾಗದವೇ ಇಲ್ಲದವರ ಮಾತು. ಇದೇ ನನ್ನನ್ನು ಹೆಚ್ಚು ಕಾಡುವ ಭಾಗ. ಮಾವ ತೀರಿ ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ತಾನೇ ಉತ್ತು ಬಿತ್ತಿ ಕಳೆ ಕಿತ್ತು ಕೊಯ್ದರೂ, ಪೌತಿ ಖಾತೆಯಾಗದೆ ರೈತ ನೋಂದಣಿ ಇಲ್ಲ. ಆ ನೋಂದಣಿ ಇಲ್ಲದೆ ಖರೀದಿಯಲ್ಲಿ ಹೆಸರಿಲ್ಲ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಿಂದ ಖಾತೆ ನಿಂತಿದ್ದರೆ, ದೊಡ್ಡವರು ಕೂಡಿಸಿ ಮಾತಾಡಿಸಿ. ವ್ಯಾಜ್ಯ ಹತ್ತು ವರ್ಷ ನಡೆಯಬಹುದು, ರಾಗಿ ಈ ವರ್ಷವೇ ಮಾರಬೇಕು.

ವಾರಕ್ಕೋ ಗುತ್ತಿಗೆಗೋ ಹೊಲ ಮಾಡುವವರ ಕಷ್ಟ ಇದಕ್ಕಿಂತ ಬಿಗಿ. 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು. ಉಳುವವನಿಗೆ ಭೂಮಿ ಕೊಡಿಸಿದ ದೊಡ್ಡ ಕೆಲಸ ಅದು. ಆದರೆ ಆಮೇಲೂ ಬಾಯಿಮಾತಿನ ಗುತ್ತಿಗೆ ನಡೆದೇ ಇದೆ. ಕಾಯಿದೆ ಒಪ್ಪದ ಗುತ್ತಿಗೆಗೆ ಕಾಗದ ಎಲ್ಲಿಂದ ಬರಬೇಕು? ಬೆಳೆದವನೊಬ್ಬ, ಹೆಸರು ಇನ್ನೊಬ್ಬನದು, ಹಣ ಬೀಳುವುದು ಹೆಸರಿರುವವನ ಖಾತೆಗೆ. ಇದಕ್ಕೆ ಪೂರ್ತಿ ಪರಿಹಾರ ನಮ್ಮ ಕೈಯಲ್ಲಿಲ್ಲ, ಶಾಸನಸಭೆಯೇ ಮಾಡಬೇಕು. ನಮ್ಮ ಕೈಯಲ್ಲಿರುವುದು ಇಷ್ಟು: ಬಿತ್ತನೆಗೆ ಮುಂಚೆಯೇ ಇಬ್ಬರೂ ಕುಳಿತು ಬೆಲೆಯ ಮಾತಾಡಿಕೊಳ್ಳಿ. ಭೂಮಿಯೊಡೆಯರು ಬೆಂಬಲ ಬೆಲೆಗೆ ಮಾರಿ, ಬೆಳೆದವನ ಪಾಲನ್ನು ಮಂಡಿಯ ಧಾರಣೆಯಲ್ಲಿ ಲೆಕ್ಕ ಹಾಕಿ ಕೊಡುವುದು ಒಕ್ಕಲುತನದ ಧರ್ಮವಲ್ಲ. ಯಾವ ಬೆಲೆಗೆ ಹೋಯಿತೋ ಆ ಬೆಲೆಯಲ್ಲೇ ಪಾಲಾಗಬೇಕು.

ಸರದಿಯ ವಿಷಯಕ್ಕೆ ಬಂದರೆ, ಮೊದಲು ಬಂದವರಿಗೆ ಮೊದಲು ಎಂಬುದು ಕೇಳಲು ನ್ಯಾಯವಾಗಿ ತೋರುತ್ತದೆ. ಆದರೆ ಮೊದಲು ಬರುವವರು ಯಾರು? ಸ್ವಂತ ಟ್ರ್ಯಾಕ್ಟರು ಇದ್ದವರು, ಕೂಲಿಗೆ ಜನ ಸಿಗುವವರು, ಮೆದೆ ಕಿತ್ತು ಬೇಗ ಒಕ್ಕಣೆ ಮುಗಿಸಬಲ್ಲವರು. ನನ್ನ ಅಭಿಪ್ರಾಯದಲ್ಲಿ ಊರಿಗೊಂದು ದಿನವೆಂದು ಮೊದಲೇ ಗೊತ್ತು ಮಾಡಿ ಚೀಟಿ ಕೊಡಬೇಕು. ಊರೊಳಗೆ ಎರಡೂವರೆ ಎಕರೆಯೊಳಗಿನವರನ್ನು ಮೊದಲ ಸರದಿಯಲ್ಲಿ ಕರೆಯಬೇಕು. ದೊಡ್ಡ ಹಿಡುವಳಿಯವರು ಮುನಿಸಿಕೊಳ್ಳಬಾರದು. ಅವರ ರಾಗಿಯನ್ನೂ ಕೊಳ್ಳಲೇಬೇಕು. ಅವರು ಬೆಳೆದದ್ದು ಬೆವರಿನಿಂದಲೇ. ಆದರೆ ಅವರ ಮನೆಯಲ್ಲಿ ರಾಗಿ ಒಂದು ತಿಂಗಳು ಇದ್ದರೆ ಯಾರ ಒಲೆಯೂ ಆರುವುದಿಲ್ಲ. ತಡೆದು ಮಾರಬಲ್ಲವರಿಗೆ ನೋಂದಾಯಿತ ಉಗ್ರಾಣದಲ್ಲಿಟ್ಟು ರಸೀತಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯುವ ಏರ್ಪಾಡೂ 2007ರ ಉಗ್ರಾಣ ಕಾಯಿದೆಯಿಂದ ಬಂದಿದೆ.

ಕೇಂದ್ರದಲ್ಲಿ ನೀವು ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಎರಡು: ತೇವ ಮತ್ತು ತೂಕ. ತೇವಾಂಶ ನೂರಕ್ಕೆ 12 ಮೀರಕೂಡದು. ನವೆಂಬರಿನ ಮೋಡಕ್ಕೆ ಹೆದರಿ ಹಸಿತೆನೆಯನ್ನೇ ಒಕ್ಕಣೆ ಮಾಡಿ ತುಂಬಿಸಿದರೆ ಕೇಂದ್ರದಿಂದ ಹಿಂದಕ್ಕೆ ಬರುತ್ತೀರಿ, ಬಾಡಿಗೆ ದಂಡ. ಮೀಟರಿನ ಅಂಕಿಯನ್ನು ನಿಮಗೆ ತೋರಿಸಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡುವಂತೆ ಕೇಳಿ. ಬಾಯಲ್ಲಿ ಹೇಳಿದ ಕಾರಣಕ್ಕೆ ಅಪೀಲು ಇಲ್ಲ. ಒಕ್ಕಣೆಗೆ ಡಾಂಬರು ರಸ್ತೆ ಬೇಡ. ಮರಳೂ ಸೇರುತ್ತದೆ, ಬೈಕಿನ ಹುಡುಗರು ಜಾರಿ ಬೀಳುತ್ತಾರೆ. ಸಗಣಿ ಸಾರಿಸಿದ ಕಣ ಅಥವಾ ದಪ್ಪ ಟಾರ್ಪಾಲು ಸಾಕು.

ತೂಕದಲ್ಲಿ ಖಾಲಿ ಚೀಲವನ್ನು ನಿಮ್ಮ ಕಣ್ಣೆದುರಿಗೆ ಮೊದಲು ತೂಗಿಸಿ. ಗೋಣಿಯ ತೂಕ ಎಷ್ಟೋ ಅಷ್ಟನ್ನು ಮಾತ್ರ ಐವತ್ತಕ್ಕೆ ಸೇರಿಸಬೇಕು. ಅದರ ಮೇಲೆ ಒಣಗಿದರೆ ಕಡಿಮೆಯಾಗುತ್ತದೆ ಎಂದು ಒಂದು ಕಿಲೋ ಹೆಚ್ಚಾಗಿ ಹಾಕಿಸಿಕೊಳ್ಳುವವರಿದ್ದರೆ ಒಪ್ಪಬೇಡಿ. ಒಂದು ಕಿಲೋ ಏನು ಮಹಾ ಎನ್ನುತ್ತೀರಾ? ಆಗಲೇ ಹೇಳಿದ 33,300 ಚೀಲಕ್ಕೆ ಕಿಲೋದಂತೆ 333 ಕ್ವಿಂಟಾಲ್. 4,886ರ ಬೆಲೆಯಲ್ಲಿ 16 ಲಕ್ಷ 27 ಸಾವಿರ ರೂಪಾಯಿ. ಇಷ್ಟು ಹಣ ಹತ್ತು ಊರಿನ ಕಣಗಳಿಂದ ಸದ್ದಿಲ್ಲದೆ ಸೋರಿಹೋಗುತ್ತದೆ. ಜೊತೆಗೆ, ಆ ದಿನ ಎಷ್ಟು ಚೀಲ ಕೊಂಡರು, ಯಾವ ಊರಿನದು, ಎಷ್ಟನ್ನು ಹಿಂದಕ್ಕೆ ಕಳುಹಿಸಿದರು ಎಂಬುದನ್ನು ಸಂಜೆ ಹಲಗೆಯ ಮೇಲೆ ಬರೆಸಬೇಕೆಂದು ಗ್ರಾಮ ಪಂಚಾಯಿತಿಯಿಂದ ನಿರ್ಣಯ ಮಾಡಿ ಕಳುಹಿಸಿ. ಸೀಮೆಸುಣ್ಣದ ಖರ್ಚು ಹೆಚ್ಚಲ್ಲ. ಪ್ರಾಮಾಣಿಕರಾದ ಕೇಂದ್ರದ ಸಿಬ್ಬಂದಿಗೂ ಅದೇ ರಕ್ಷೆ. ಅನುಮಾನದ ಮಾತು ಕೇಳುವ ಕಷ್ಟ ಅವರಿಗೆ ತಪ್ಪುತ್ತದೆ.

ಚೀಲ ಯಾರು ಕೊಡುತ್ತಾರೆ, ಒಬ್ಬರಿಂದ ಹೆಚ್ಚೆಂದರೆ ಎಷ್ಟು ಕೊಳ್ಳುತ್ತಾರೆ, ನೋಂದಣಿ ಎಂದಿನಿಂದ ಎಂಬುವು ವರ್ಷವರ್ಷವೂ ಬದಲಾಗುತ್ತವೆ. ಹೋದ ವರ್ಷ ಹೀಗಿತ್ತು ಎಂದು ಕುಳಿತಿರಬೇಡಿ. ಆದೇಶ ಬಂದ ದಿನವೇ ಅದರ ಪ್ರತಿಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಪಡಿತರ ಅಂಗಡಿ ಈ ಮೂರು ಕಡೆ ಅಂಟಿಸುತ್ತೇವೆ. ಓದು ಬಾರದವರಿಗೆ ಡೇರಿಯಲ್ಲಿ ಬೆಳಗಿನ ಹಾಲು ಹಾಕುವ ಹೊತ್ತಿಗೆ ಓದಿ ಹೇಳುವಂತೆ ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ.

ಪೌತಿ ಖಾತೆ ಆಗದವರು, ರೈತ ನೋಂದಣಿ ಸಂಖ್ಯೆ ಇಲ್ಲದವರು, ಸಂಖ್ಯೆ ಇದ್ದರೂ ಎಲ್ಲ ಸರ್ವೆ ನಂಬರುಗಳು ಅದರಲ್ಲಿ ಸೇರದವರು ಇಂದು ಇಲ್ಲೇ ಹೆಸರು ಬರೆಸಬಹುದು. ಆಧಾರ್ ಚೀಟಿ, ಪಹಣಿ, ಬ್ಯಾಂಕ್ ಪುಸ್ತಕ ತಂದಿದ್ದರೆ ಒಳ್ಳೆಯದು. ತರದಿದ್ದರೆ ಮುಂದಿನ ಸೋಮವಾರ ಪಂಚಾಯಿತಿ ಕಚೇರಿಗೆ ಬನ್ನಿ. ಮರಣ ಪತ್ರ, ವಂಶವೃಕ್ಷ ಬೇಕಾದವರ ಪಟ್ಟಿಯನ್ನು ಬೇರೆಯಾಗಿ ಮಾಡಿ ಗ್ರಾಮ ಲೆಕ್ಕಿಗರ ಕೈಗೆ ಕೊಡುತ್ತೇನೆ. ಹೆಣ್ಣುಮಕ್ಕಳು ಹಿಂದೆ ಕುಳಿತಿದ್ದೀರಿ. ನಿಮ್ಮ ಹೆಸರುಗಳನ್ನು ಮೊದಲು ಬರೆದುಕೊಳ್ಳುತ್ತೇನೆ, ಮುಂದೆ ಬನ್ನಿ.